ಚಿಲಕ ಇರುವ ಕೋಣೆ

“ಅವಳು ತಿನ್ನೋದು ನೋಡಿದ್ಯಾ? ಯಾರೋ ಬಂದು ತಟ್ಟೆ ಕಿತ್ಕೊಳ್ತಾರೆ ಅನ್ನೋ ಹಾಗೆ ತಿಂತಾಳೆ,” ಎಂದಳು ಲಲಾವು, ಯೆಸೇನಿಯಾಳ ಕಿವಿಯಲ್ಲಿ.

ಯೆಸೇನಿಯಾ ಆಗಲೇ ನೋಡಿದ್ದಳು. ಬೆಟ್ಟದ ಬುಡದ ಊರು ಮಿಟ್ಟನ್‌ವಾಲ್ಡಿನ ಹೋಟೆಲಿನಲ್ಲಿ ಉಳಿದವರ ಸೂಪಿನಿಂದ ಇನ್ನೂ ಹಬೆ ಏಳುತ್ತಿತ್ತು. ಎದುರು ಕೂತ ವೆರಾಳ ಬಟ್ಟಲು ಖಾಲಿ. ಕುರ್ಚಿಯ ತುದಿಯಲ್ಲಿ, ಒಂದು ಕಾಲು ಹೊರಗಿಟ್ಟು ಕೂತಿದ್ದಳು, ಈಗಲೋ ಆಗಲೋ ಎದ್ದು ಓಡುವವಳಂತೆ.

“ಮೂವತ್ತು ದಾಟಿದ ಹಾಗೂ ಕಾಣ್ತಾಳೆ,” ಎಂದಳು ಲಲಾವು.

“ಮೂರು ಮಕ್ಕಳ ಮನೆ ಕಣೆ. ನಿನ್ನನ್ನ ಅಲ್ಲಿ ಬಿಟ್ರೆ ನಿಮ್ಮಜ್ಜಿ ಹಾಗೆ ಕಾಣ್ತೀಯ.”

ಕೊಲಂಬಿಯಾದ ಯೆಸೇನಿಯಾ, ಮಡಗಾಸ್ಕರಿನ ಲಲಾವು, ಕಿರ್ಗಿಸ್ತಾನದ ಐಜಮಾಲ್, ಮೂವರೂ ಮ್ಯೂನಿಕ್ಕಿನಲ್ಲಿ ಒಂದೊಂದು ಮನೆಯಲ್ಲಿದ್ದು ಆ ಮನೆಯ ಮಕ್ಕಳನ್ನು ನೋಡಿಕೊಳ್ಳುವ ಓಪೇರ್ ಹುಡುಗಿಯರು. ನಾಲ್ಕನೆಯವಳಾಗಿದ್ದ ನಿನೋ ವರ್ಷ ಮುಗಿಸಿ ಜಾರ್ಜಿಯಾಕ್ಕೆ ಮರಳಿದ್ದಳು. ಓಪೇರ್ ಹೋದರೂ ಮನೆಯವರು ಕೊಟ್ಟ ಫೋನ್ ಮನೆಯಲ್ಲೇ ಉಳಿಯುತ್ತದೆ, ಮುಂದಿನವಳಿಗೆ. ಅವರ ಮೆಸೇಜ್ ಗುಂಪಿಗೆ ಹೊಸಬರು ಬರುವುದೇ ಹಾಗೆ. ‘ಶನಿವಾರ ಬೆಟ್ಟಕ್ಕೆ ಯಾರ್ಯಾರು?’ ಎಂದು ಯೆಸೇನಿಯಾ ಕೇಳಿದ್ದಕ್ಕೆ ಆ ಫೋನಿನಿಂದ ಉತ್ತರ ಬಂದಿತ್ತು: ‘ನಾನು ವೆರಾ. ನಿನೋಳ ಫೋನ್ ಈಗ ನನ್ನ ಹತ್ತಿರ ಇದೆ. ನಾನೂ ಬರಲಾ? ದಯವಿಟ್ಟು.’

ಆ ‘ದಯವಿಟ್ಟು’ ಯೆಸೇನಿಯಾಳನ್ನು ಚುಚ್ಚಿತ್ತು. ತನ್ನ ಮೊದಲ ಮನೆಯಲ್ಲಿ ಅವಳೂ ಹಾಗೇ ಬೇಡುತ್ತಿದ್ದಳು. ಕೇಳುವವರಿಲ್ಲದೆ ಒಬ್ಬಳೇ ಸೂಟ್‌ಕೇಸ್ ಎಳೆದುಕೊಂಡು ಹೊರಬಿದ್ದಿದ್ದಳು. ಇನ್ನೊಬ್ಬಳಿಗೆ ಹಾಗಾಗಲು ಬಿಡಬಾರದು.

“ಯಾವ ಊರು ನಿಂದು?” ಎಂದು ಶುರುಮಾಡಿದಳು.

“ಉತ್ತರದ ಕಡೆ. ಸಮುದ್ರದ ಹತ್ತಿರ.”

ಲಾಟ್ವಿಯಾ ಇರಬೇಕು ಎಂದು ಐಜಮಾಲ್ ತೀರ್ಮಾನಿಸಿದಳು. ಓಪೇರ್ ಒಪ್ಪಂದ ಅವಳಿಗೆ ಬಾಯಿಪಾಠ. “ವಾರಕ್ಕೆ ಎಷ್ಟು ಗಂಟೆ ಕೆಲಸ ಮಾಡಿಸ್ತಾರೆ? ಮೂವತ್ತು ದಾಟಬಾರದು.”

ವೆರಾ ನಕ್ಕಳು. ನಗು ನಿಲ್ಲಲೇ ಇಲ್ಲ. ನೀರು ಕುಡಿಸಬೇಕಾಯಿತು.

“ರಜೆ?”

“ಇದೇ.”

“ಈ ತಿಂಗಳದ್ದಾ?”

“ಅಲ್ಲ. ಇದೇ, ಇದೊಂದೇ.”

“ಸಂಬಳ?”

ವೆರಾ ಇಲ್ಲವೆಂದು ತಲೆಯಾಡಿಸಿದಳು. ಐಜಮಾಲಳ ಮುಖ ಕೆಂಪಗಾಯಿತು.

“ರಾತ್ರಿಯಾದ್ರೂ ಬಾಗಿಲು ಹಾಕ್ಕೊಂಡು ಮಲಗ್ತೀಯ ತಾನೆ?” ಎಂದಳು ಯೆಸೇನಿಯಾ.

“ಬಾಗಿಲಾ? ಸ್ನಾನದ ಮನೇಲೂ ಬಿಡಲ್ಲ. ಮೂರೂ ಮಕ್ಕಳು ಒಳಗೆ ಬರ್ತಾರೆ. ಒಮ್ಮೊಮ್ಮೆ ನಾಯಿ ಕೂಡ.”

“ಮನೆ ಯಜಮಾನ ಏನೂ ಹೇಳಲ್ವಾ?”

“ಸಾಕ್ಸ್ ಎಲ್ಲಿದೆ ಅಂತ ಕೇಳ್ತಾನೆ.”

“ನಿನೋ ಬಾಯಲ್ಲಿ ಆ ಮನೆ ಬಗ್ಗೆ ಒಂದು ದೂರು ಕೇಳಿಲ್ಲ ನಾವು.”

“ನಿನೋ ಇದ್ದಾಗ ಎಲ್ಲಾ ಚೆನ್ನಾಗಿತ್ತು,” ಎಂದು ವೆರಾ ನಿಟ್ಟುಸಿರಿಟ್ಟಳು.

“ಮತ್ತೆ ಆ ಮನೆಯೊಡತಿ? ಅವಳಿಗೆ ಕರುಳು ಅನ್ನೋದಿಲ್ವಾ?”

ವೆರಾ ನೀರಿನ ಲೋಟ ಕೆಳಗಿಟ್ಟಳು. ಮೂವರ ಮುಖವನ್ನೂ ಒಂದೊಂದಾಗಿ ನೋಡಿದಳು. “ಪಾಪ, ಅವಳು ಒಳ್ಳೆಯವಳೇ,” ಎಂದಳು ಕೊನೆಗೆ. “ಸುಸ್ತಾಗಿರ್ತಾಳೆ ಅಷ್ಟೆ.”

“ಹೊಡೆದವರ ಪರವಾಗೇ ಮಾತಾಡ್ತಾಳೆ ನೋಡು,” ಎಂದು ಲಲಾವು ಕಣ್ಣೊರೆಸಿಕೊಂಡಳು.

ಅಷ್ಟರಲ್ಲಿ ಪಕ್ಕದ ಮೇಜಿನ ಮಗುವೊಂದು ಕಿಟಾರನೆ ಕಿರುಚಿತು. ಮೂವರೂ ತಟ್ಟನೆ ಎದ್ದು ನಿಂತರು. ಐಜಮಾಲಳ ಕೈಯಲ್ಲಿ ಮಕ್ಕಳ ಮುಖ ಒರೆಸುವ ಒದ್ದೆ ಕಾಗದ ಆಗಲೇ ಬಿಚ್ಚಿಕೊಂಡಿತ್ತು. ವೆರಾ ಕದಲಲಿಲ್ಲ.

“ಅದು ನಮ್ಮದಲ್ಲ, ಕೂತ್ಕೊಳ್ರೇ,” ಎಂದು ಎಲ್ಲರ ಸೂಪನ್ನೂ ಊದಿ ಆರಿಸಿ ಕೊಟ್ಟಳು.

ಮಧ್ಯಾಹ್ನ ರೋಪ್‌ವೇ ತೂಗುಗಾಡಿಯಲ್ಲಿ ಬೆಟ್ಟ ಹತ್ತಿದವರು ಮೂವರೇ. ಒಂದು ನಿಮಿಷ ಅಡ್ಡಾಗುತ್ತೇನೆಂದು ರಾತ್ರಿ ತಂಗಲು ಹಿಡಿದಿದ್ದ ಹಾಸ್ಟೆಲಿನ ಮಂಚಕ್ಕೆ ಬಿದ್ದ ವೆರಾ ಎದ್ದದ್ದು ಭಾನುವಾರ ಚರ್ಚಿನ ಗಂಟೆಗೆ. ನಡುವೆ ಐಜಮಾಲ್ ಎರಡು ಸಲ ಅವಳ ಮೂಗಿನ ಬಳಿ ಕನ್ನಡಿ ಹಿಡಿದು ಉಸಿರಿದೆಯೇ ಎಂದು ನೋಡಿದ್ದಳು.

“ಜರ್ಮನ್ ಮಾತ್ರ ನಮಗಿಂತ ಚೆನ್ನಾಗಿ ಮಾತಾಡ್ತಾಳೆ ಕಣೆ,” ಎಂದಳು ಲಲಾವು.

“ಬೈಸ್ಕೊಂಡು ಬೈಸ್ಕೊಂಡು ಕಲ್ತಿದಾಳೆ.”

ವಾಪಸು ರೈಲಿನಲ್ಲಿ ಯೆಸೇನಿಯಾ ವೆರಾಳ ಕೈ ಹಿಡಿದಳು. “ನೀನು ಆ ಮನೆಗೆ ಮತ್ತೆ ಕಾಲಿಡಬೇಡ. ನಮ್ಮ ಬೀದೀಲಿ ಒಂದು ಮನೆ ಇದೆ, ಬೆಳಿಗ್ಗೆನೇ ಮಾತಾಡಿದೀನಿ. ಒಂದೇ ಮಗು. ಸಂಬಳ ಇದೆ, ರಜೆ ಇದೆ. ಚಿಲಕ ಇರೋ ಕೋಣೆ.”

“ಒಳಗಿನಿಂದ ಹಾಕ್ಕೊಳ್ಳೋ ಚಿಲಕಾನಾ?”

“ಒಳಗಿನಿಂದಾನೇ.”

ವೆರಾಳ ಕಣ್ಣು ತುಂಬಿ ಬಂತು. ಯೆಸೇನಿಯಾ ವಿಳಾಸ ಬರೆದು ಚೀಟಿಯನ್ನು ಅವಳ ಅಂಗೈಗೆ ಒತ್ತಿದಳು. “ಈಗಿನ ಮನೆಯವರಿಗೆ ನಾವೇ ಹೇಳ್ತೀವಿ. ನೀನು ಸುಮ್ನೆ ನಮ್ಮ ಹಿಂದೆ ನಿಂತ್ಕೋ.”

ಮ್ಯೂನಿಕ್ಕಿನ ಪ್ಲಾಟ್‌ಫಾರಂನಲ್ಲಿ ವೆರಾಳ ಮನೆಯವರು ಕಾದೇ ಇದ್ದರು. ಕೋಟನ್ನು ಒಳಮೈ ಹೊರಗಾಗಿ ತೊಟ್ಟಿದ್ದ ಗಂಡಸು, ಮೂರು ಮಕ್ಕಳು, ಒಂದು ನಾಯಿ. ಚಿಕ್ಕವನ ಒಂದು ಕಾಲಿಗೆ ಮಾತ್ರ ಬೂಟಿತ್ತು. ವೆರಾ ಹೆಜ್ಜೆ ನಿಧಾನಿಸಿದಳು. ಲಲಾವು ಎಡಕ್ಕೆ, ಐಜಮಾಲ್ ಬಲಕ್ಕೆ ನಿಂತರು. ಯೆಸೇನಿಯಾ ಆ ಗಂಡಸಿನ ಎದುರು ಕೈಚಾಚಿ ದಾರಿಗಡ್ಡ ನಿಂತಳು.

“ವೆರಾ ಇನ್ನು ನಿಮ್ಮ ಮನೆಗೆ ಬರಲ್ಲ.”

ಅವನು ಬಿಳಿಚಿಕೊಂಡ. “ಅಯ್ಯೋ, ಅವಳಿಗೆ ಆಗಲೇ ಗೊತ್ತಾಯ್ತಾ?”

ಚಿಕ್ಕವನು ಯೆಸೇನಿಯಾಳ ಕಾಲುಗಳ ನಡುವೆ ತೂರಿ ಬಂದು ವೆರಾಳ ಮೊಣಕಾಲನ್ನು ತಬ್ಬಿಕೊಂಡ.

“ಅಮ್ಮಾ, ಅಪ್ಪ ಮೀನಿಗೆ ಸೋಪು ಹಾಕಿ ಸ್ನಾನ ಮಾಡ್ಸಿದ್ರು.”

ಯೆಸೇನಿಯಾಳ ಚಾಚಿದ ಕೈ ತಾನಾಗಿ ಕೆಳಗಿಳಿಯಿತು.

“ಆ ಕೋಣೆ,” ಎಂದಳು ವೆರಾ ಅವಳ ಕಿವಿಯ ಹತ್ತಿರ ಬಗ್ಗಿ, “ಎಲ್ಲಿವರೆಗೆ ಖಾಲಿ ಇರುತ್ತೆ?”

ಉತ್ತರಕ್ಕೆ ಕಾಯದೆ ವಿಳಾಸದ ಚೀಟಿಯನ್ನು ಮಡಚಿ, ಮಕ್ಕಳ ಕೈಗೆ ಸಿಗದ ಒಳಜೇಬಿಗೆ ಹಾಕಿ ಜಿಪ್ ಎಳೆದುಕೊಂಡಳು.