ಲಾರಿಯ ಹಣೆಯ ಮೇಲೆ ಅವ್ವ

ನಾಜಿಯಾಳ ಬ್ರಷ್‌ಗಳನ್ನು ಜಹಾಂಗೀರ್ ಒಂದೊಂದಾಗಿ ಎತ್ತಿ ಮೂಸಿದ. ಒಂದರಲ್ಲೂ ಬಣ್ಣ ತೊಳೆಯುವ ಟರ್ಪೆಂಟೈನ್ ವಾಸನೆ ಇರಲಿಲ್ಲ. ಪಂಥ ಕಟ್ಟಿ ಐದು ದಿನ ಕಳೆದಿತ್ತು. ಹುಡುಗಿ ಇನ್ನೂ ಕೆಲಸ ಶುರುವೇ ಮಾಡಿದಂತಿರಲಿಲ್ಲ.

ಅವನಿಗೆ ಮೈ ಉರಿಯಿತು.

"ಎಂತ ಮಹಾರಾಣಿ, ಚಿತ್ರ ಆಕಾಶದಿಂದ ಇಳಿದು ಬರ್ತದೆ ಅಂತ ಕಾಯ್ತಾ ಕೂತಿದ್ದೀಯಾ?"

"ಇನ್ನೂ ಎರಡು ದಿನ ಇದ್ಯಲ್ಲ ಚಾಚಾ," ಎಂದಳು ಅವಳು, ತಲೆ ಎತ್ತದೆ.

ಯಲ್ಲಾಪುರದ ಹೆದ್ದಾರಿ ಬದಿಯ ಆ ಶೆಡ್ಡಿನಲ್ಲಿ ಜಹಾಂಗೀರ್ ಮೂವತ್ತನಾಲ್ಕು ವರ್ಷಗಳಿಂದ ಲಾರಿಗಳಿಗೆ ಬಣ್ಣ ಹಚ್ಚುತ್ತಿದ್ದ. ಒಂದು ನವಿಲುಗರಿಯ ಕಣ್ಣನ್ನು ಅಪ್ಪ ಅವನಿಂದ ನಾನೂರು ಸಲ ಬರೆಸಿದ್ದರು. ಗೆರೆ ನಡುಗಿದರೆ ಮಣಿಕಟ್ಟಿಗೆ ಏಟು. ಹಾಗೆ ಕಲಿತ ವಿದ್ಯೆ. ಅವನ ಕೆಲಸ ನೋಡಿದವರೆಲ್ಲ "ನೀಟಾಗಿದೆ" ಎನ್ನುತ್ತಿದ್ದರು. ಅದಕ್ಕಿಂತ ಹೆಚ್ಚಿಗೆ ಯಾರೂ ಏನೂ ಅಂದಿರಲಿಲ್ಲ.

ಅಣ್ಣ ತೀರಿಕೊಂಡ ಮೇಲೆ ಅವನ ಮಗಳು ನಾಜಿಯಾ ಶೆಡ್ಡಿಗೆ ಬಂದಳು. ಬಂದ ವಾರದಲ್ಲೇ ಪೆನ್ಸಿಲ್ ಮುಟ್ಟದೆ ಒಂದು ಟಿಪ್ಪರಿನ ಬಾಗಿಲಿಗೆ ಕುದುರೆ ಬರೆದಳು. ಚಹಾ ಕುಡಿಯಲು ನಿಂತ ಡ್ರೈವರುಗಳು ಲೋಟ ಹಿಡಿದುಕೊಂಡೇ ಬಂದು ನೋಡಿದರು. ಅಂದಿನಿಂದ ಎರಡು ವರ್ಷ, ಬಂದವರೆಲ್ಲ ಜಹಾಂಗೀರನ ಮುಖಕ್ಕೇ ಕೇಳುತ್ತಿದ್ದರು: "ಆ ಹುಡುಗಿ ಇದ್ದಾಳಾ?"

"ಹುಟ್ಟಿನಿಂದ ಬಂದದ್ದಂತೆ," ಎಂದು ಅವನು ಉಗಿಯುತ್ತಿದ್ದ. "ಸೋಮಾರಿಗಳಿಗೆ ಇದೊಂದು ನೆಪ."

ಹಾನಗಲ್ಲಿನ ಚಂದ್ರಶೇಖರಪ್ಪ ಹೊಸ ಲಾರಿ ತಂದದ್ದು ಕಳೆದ ವಾರ. ಕ್ಯಾಬಿನ್ನಿನ ಮೇಲೆ ಕೂರಿಸುವ ಹಲಗೆಯಲ್ಲಿ ತೀರಿಹೋದ ತಾಯಿಯ ಮುಖ ಬರೆಸಬೇಕಿತ್ತು. ಅವನ ಬಳಿ ಇದ್ದದ್ದು ಹಳೇ ರೇಷನ್ ಕಾರ್ಡಿನ ಫೋಟೊ ಒಂದೇ, ಮುಖ ಉಗುರಿನಷ್ಟು. ಸ್ಟಿಕ್ಕರ್ ಅಂಗಡಿಯವರು ಅದನ್ನು ದೊಡ್ಡದು ಮಾಡಲು ಹೋಗಿ ಬರೀ ಚುಕ್ಕೆ ಮಾಡಿ ಕೊಟ್ಟಿದ್ದರು.

"ಆ ಹುಡುಗಿ ಕಡೆ ಬರಸ್ರಿ," ಎಂದ ಅವನು.

ಜಹಾಂಗೀರನಿಗೆ ಸಾಕಾಯಿತು. "ಇಬ್ಬರೂ ಬರೀತೇವೆ. ಏಳು ದಿನ ಬಿಟ್ಟು ಬಂದು ನೀವೇ ಆರಿಸಿ. ಯಾರದ್ದು ಬೇಡವೋ ಅವರು ಈ ಶೆಡ್ ಬಿಟ್ಟು ಹೋಗೋದು."

ನಾಜಿಯಾಳ ಮುಖ ಬಿಳುಚಿಕೊಂಡಿತು. ಅವಳ ದುಡಿಮೆಯಲ್ಲೇ ಮನೆಯಲ್ಲಿ ತಾಯಿಯ ಹೊಟ್ಟೆ ತುಂಬುತ್ತಿತ್ತು. ಜಹಾಂಗೀರ್ ಅದನ್ನು ಬಲ್ಲ. ಬಲ್ಲದ್ದರಿಂದಲೇ ಅಂದದ್ದು.

ಅವನು ಸಾಧನೆಗೆ ಕೂತ. ಬರೆದ, ಬಿಸಾಡಿದ, ಮತ್ತೆ ಬರೆದ, ಅಳಿಸಿದ. ಹುಬ್ಬು ಒಂದು ದಿನ, ಕೆನ್ನೆಯ ಸುಕ್ಕು ಒಂದು ದಿನ. ಆರನೆಯ ಸಂಜೆಗೆ ಹೊಸ ಹಲಗೆಯ ಮೇಲೆ ಕೊನೆಯ ಗೆರೆ ಎಳೆದ. ಎಲ್ಲೂ ತಪ್ಪಿರಲಿಲ್ಲ.

"ನಿಂದು?" ಎಂದ, ಹಲ್ಲು ಕಚ್ಚಿ.

"ನನ್ನ ಹಲಗೆ ತಯಾರಿದೆ." ಗೋಡೆಗೆ ಒರಗಿಸಿ ಬಟ್ಟೆ ಮುಚ್ಚಿದ್ದಳು. "ನೋಡ್ತೀರಾ ಚಾಚಾ?"

"ನಿಂದು ನೋಡಿ ನನ್ನ ಕಣ್ಣು ಯಾಕೆ ಹಾಳು ಮಾಡ್ಕೊಳ್ಳಲಿ?"

"ನನ್ನ ಮೇಲೆ ಇಷ್ಟು ಸಿಟ್ಟು ಯಾಕೆ?"

"ನಾನು ಬೆನ್ನು ಮುರಿದು ಗಳಿಸಿದ್ದು ನಿಂಗೆ ಪುಕ್ಕಟೆ ಸಿಕ್ಕಿದೆ. ಅದಕ್ಕೆ."

ಅವಳು ಹಲಗೆಯ ಮೇಲಿನ ಬಟ್ಟೆಯನ್ನು ಇನ್ನಷ್ಟು ಕೆಳಗೆಳೆದು ಮುಚ್ಚಿದಳು.

ಮರುದಿನ ಬೆಳಿಗ್ಗೆ ಚಂದ್ರಶೇಖರಪ್ಪ ಬಂದ. ಜಹಾಂಗೀರ್ ಹಲಗೆಗಳಿಗೆ ಬೆನ್ನು ಹಾಕಿ, ರಸ್ತೆ ನೋಡುತ್ತ ಬಾಗಿಲಲ್ಲಿ ನಿಂತ. ಮೊದಲು ಸರಿದದ್ದು ಅವನ ಹಲಗೆಯ ಬಟ್ಟೆ.

"ಛಲೋ ಐತ್ರಿ ಜಹಾಂಗೀರಣ್ಣ. ಕೂದಲೆಳಿ ಸೈತ ಎಣಸಬಹುದು. ಭಾಳ ನೀಟ್."

ಎರಡನೆಯ ಬಟ್ಟೆ ಸರಿಯಿತು. ಚಪ್ಪಲಿ ಕಳಚಿ ಬದಿಗಿಟ್ಟ ಸದ್ದು ಕೇಳಿಸಿತು.

"ಅವ್ವಾ," ಎಂದಿತು ಒಡೆದ ದನಿ. "ನೋಡ್ರೀ, ನನ್ನ ಬೈಯಾಕ ಬಾಯಿ ತಗದಾಳ್ರೀ. ಹಿಂಗ ನೋಡತಿದ್ಲು, ಥೇಟ್ ಹಿಂಗ."

ಜಹಾಂಗೀರ್ ತಿರುಗಲಿಲ್ಲ. ಬಾಗಿಲ ಪಕ್ಕದ ಡಬ್ಬಿಯಿಂದ ತನ್ನ ಬ್ರಷ್‌ಗಳನ್ನು ಎತ್ತಿ ಹಳೇ ಬಟ್ಟೆಯಲ್ಲಿ ಸುತ್ತಿದ. ಶೆಡ್ಡಿನ ಬೀಗದ ಕೈಯನ್ನು ಹಿಂದಕ್ಕೆ ಎಸೆದ. ಅದು ನಾಜಿಯಾಳ ಕಾಲ ಬಳಿ ಬಿತ್ತು.

"ತಗೋ. ಸುಖವಾಗಿರು. ಈ ಜನ್ಮದಲ್ಲಿ ನಿನ್ನ ಮುಖ ನೋಡೋದಿಲ್ಲ."

ಚಂದ್ರಶೇಖರಪ್ಪ ಕಣ್ಣು ಒರೆಸಿಕೊಳ್ಳುತ್ತ ಅವಳನ್ನು ಕೇಳಿದ: "ಎಷ್ಟ ದಿನ ಹಿಡೀತವ್ವಾ ಇದಕ್ಕ?"

"ಅರ್ಧ ತಾಸು."

ಜಹಾಂಗೀರ್ ಹೊಸ್ತಿಲು ದಾಟಿ ರಸ್ತೆಗಿಳಿದ.

"ಮೊದಲ್ನೇ ದಿನ ಫೋಟೊ ಕೈಗೆ ಸಿಕ್ಕಿದ ಕೂಡ್ಲೇ ಚಾಚಾನೇ ಬರೆದದ್ದು," ಎಂದಳು ನಾಜಿಯಾ. "ಸರಿ ಇಲ್ಲ ಅಂತ ಹಿಂದುಗಡೆ ಗುಜರಿಗೆ ಬಿಸಾಡಿದ್ರು. ನಾನು ಎತ್ತಿ ತಂದಿಟ್ಟೆ, ಅಷ್ಟೇ."