ಸೀದ ಮುದ್ದೆ

“ಇನ್ನೊಂದ್ ಸಲ ನನ್ ಮಗಳ ಕೈಗೆ ಕಥೆ ಪುಸ್ತಕ ಕೊಟ್ರೆ ಸುಮ್ನಿರಲ್ಲ ಸಾರ್! ನೆನ್ನೆ ಒಲೆ ಮೇಲಿದ್ದ ಮುದ್ದೆ ಸೀದು ಕರಕಲಾಯ್ತು. ಅವರಪ್ಪ ಬೈಕೊಂಡು ಬರೀ ಹೊಟ್ಟೇಲಿ ಮಲಗಿದ್ರು!” ಏಳನೇ ಕ್ಲಾಸಿನ ಚಂದನಳ ತಾಯಿ ಮುನಿರತ್ನಮ್ಮ ಪುಸ್ತಕವನ್ನು ಮೇಜಿನ ಮೇಲೆ ಕುಕ್ಕಿದಳು. ಅದರ ಅಂಚಿಗೆಲ್ಲ ರಾಗಿಹಿಟ್ಟು ಮೆತ್ತಿತ್ತು.

ನಂದೀಶ್ ಮೇಷ್ಟ್ರಿಗೂ ಸಿಟ್ಟು ನೆತ್ತಿಗೇರಿತು. ಶಾಲೆಯ ಲೈಬ್ರರಿ ಬೀರುವಿನ ಬೀಗ ತೆಗೆಸಿ, ಮಕ್ಕಳು ಪುಸ್ತಕಗಳನ್ನು ಮನೆಗೊಯ್ಯುವಂತೆ ಮಾಡಲು ಅವರು ವರ್ಷವಿಡೀ ಹೆಣಗಿದ್ದರು. ಒಂದು ಪುಸ್ತಕ ಹೀಗೆ ವಾಪಸಾದರೆ ನಾಳೆ ಎಲ್ಲವೂ ವಾಪಸಾಗುತ್ತವೆ. “ಓದೋ ಹುಡುಗೀನ ಒಲೆ ಮುಂದೆ ಯಾಕಮ್ಮ ಕೂರಿಸ್ತೀರಾ?”

“ಅವಳ್ಯಾಕೆ ಕೂರ್ತಾಳೆ? ಮುದ್ದೆ ಕೋಲು ನನ್ ಕೈಲೇ ಇತ್ತು! ಅವಳು ಪಕ್ಕದಲ್ಲಿ ಜೋರಾಗಿ ಓದ್ತಿದ್ಲು. ಕಥೇಲಿ ಆ ಹುಡುಗಿ ಹಗ್ಗ ಹಿಡ್ಕೊಂಡು ಹಾಳುಬಾವಿಗೆ ಇಳಿಯೋವಾಗ ನಾನು ಹೆಂಗ್ ಮುದ್ದೆ ತೊಳಸ್ಲಿ?” ಎಂದವಳು ತಟ್ಟನೆ ನಾಲಗೆ ಕಚ್ಚಿಕೊಂಡಳು. ಆಮೇಲೆ ದನಿ ತಗ್ಗಿಸಿ ಕೇಳಿದಳು, “ಮೇಲಕ್ಕೆ ಬಂದ್ಲಾ ಸಾರ್?”

“ನಾನು ಹೇಳಲ್ಲ. ಮಗಳ ಕೈಲೇ ಓದಿಸ್ಕೊಳ್ಳಿ,” ಎಂದು ಮೇಷ್ಟ್ರು ಪುಸ್ತಕವನ್ನು ಅವಳತ್ತ ತಳ್ಳಿದರು.

ಹೊರಗೆ ಅವಳನ್ನು ಕೆಲಸಕ್ಕೆ ಕರೆದೊಯ್ಯುವ ಗಾರ್ಮೆಂಟ್ಸ್ ವ್ಯಾನು ಹಾರ್ನ್ ಹೊಡೆಯಿತು. ಮುನಿರತ್ನಮ್ಮ ಮೇಷ್ಟ್ರನ್ನು ದುರುಗುಟ್ಟಿ ನೋಡಿ, ಪುಸ್ತಕವನ್ನು ಊಟದ ಬ್ಯಾಗಿಗೆ ತುರುಕಿಕೊಂಡು ಹೊರನಡೆದಳು. ಮತ್ತೆ ಜಗಳಕ್ಕೆ ಬರಲಿಲ್ಲ.