ಸದ್ದಿಲ್ಲದ ಕಾರ್ಡು

ಅನಿಮೇಷನ್ ಕೆಲಸ ಮಾಡುವ ಪ್ರಹ್ಲಾದನ ಕಂಪ್ಯೂಟರ್ ಇಡೀ ಮನೆಗೆ ಕೇಳುವಂತೆ ಭೋರೆನ್ನುತ್ತಿತ್ತು.

"ಈ ಸದ್ದಿಗೆ ತಲೆ ಸಿಡಿದುಹೋಗುತ್ತೆ ರೀ," ಎಂದು ಹೆಂಡತಿ ಮೃದುಲಾ ವರ್ಷದಿಂದ ಹೇಳುತ್ತಲೇ ಇದ್ದಳು.

"ಸ್ವಲ್ಪ ದಿನ ತಡ್ಕೋ," ಎನ್ನುತ್ತಿದ್ದ.

ಭಾನುವಾರ ಅವಳಿಗೆ ಹೇಳದೆ ಗ್ರಾಫಿಕ್ಸ್ ಕಾರ್ಡಿನ ಭೋರೆನ್ನುವ ಹಳೆಯ ಫ್ಯಾನು ಬಿಚ್ಚಿ, ಶಾಖ ಹೊರಹಾಕಲು ಬಳಿದಿದ್ದ, ಈಗ ಒಣಗಿದ ಪೇಸ್ಟು ಒರೆಸಿ, ನೀರು ಹರಿಯುವ ಹೊಸ ಕೂಲರ್ ಕೂರಿಸಿದ. ಮಧ್ಯಾಹ್ನ ತನ್ನ ಅನಿಮೇಷನ್‌ಗಳಲ್ಲೇ ಕಂಪ್ಯೂಟರಿಗೆ ಅತಿ ಭಾರವಾದ ದೃಶ್ಯವೊಂದನ್ನು ಓಡಿಸಿ ನೋಡಿದ. ಕಾರ್ಡು ಬಿಸಿಯೇರಲಿಲ್ಲ, ಸದ್ದೂ ಬರಲಿಲ್ಲ. ಅವಳನ್ನು ಕರೆದು ತೋರಿಸಬೇಕೆಂದು ಖುಷಿಯಿಂದ ಎದ್ದ.

ಗೋಡೆಯಾಚೆ ಮೃದುಲಾ ಫೋನಿನಲ್ಲಿ ತಾಯಿಗೆ ಹೇಳುತ್ತಿದ್ದಳು: "ಅವರಿಗೆ ಕೇಳ್ಸಲ್ಲಮ್ಮ, ಕಂಪ್ಯೂಟರ್ ಮುಂದೆ ಕೂತಿದಾರೆ. ವಿಚ್ಛೇದನದ ಪೇಪರಿಗೆ ನಾಳೆನೇ ಬಂದು ಸೈನ್ ಹಾಕ್ತೀನಿ ಅಂತ ವಕೀಲರಿಗೆ ಹೇಳಿಬಿಡು."